ವೈಶಾಖದ ಉಣ್ಣೆ ಕೋಟು

ನಮ್ಮಪ್ಪ ಗುರುಸಿದ್ದಯ್ಯ ತೀರಿಕೊಂಡಾಗ ಗುಂಡ್ಲುಪೇಟೆಯ ದೊಡ್ಡ ಮನುಷ್ಯರೆಲ್ಲ ಬಂದು ಹೊಗಳಿದರು. ಊರಿನ ಮಾನ ಮುಚ್ಚಿದ ಕೈ ಎಂದರು. ಗಿರಾಕಿಯ ಬಟ್ಟೆಯಲ್ಲಿ ಒಂದು ಗೇಣು ಕದಿಯದ ಟೈಲರ್ ಎಂದರು. ಈ ಎರಡನೆಯ ಮಾತು ನಿಜ. ಕತ್ತರಿಸಿ ಉಳಿದ ಚೂರನ್ನೂ ಪೊಟ್ಟಣ ಕಟ್ಟಿ ವಾಪಸು ಕೊಡುತ್ತಿದ್ದ. ಮೊದಲನೆಯ ಮಾತಿಗೆ ನನ್ನ ತಕರಾರಿದೆ. ಅವತ್ತು ಹೊಗಳಿದವರಿಗೆಲ್ಲ ಕಾಫಿ ಕೊಟ್ಟು ಕಳಿಸಿದೆ, ಬಾಯಿ ಬಿಡಲಿಲ್ಲ. ಈಗ ನನಗೂ ವಯಸ್ಸಾಗಿದೆ, ಯಾರ ಮುಲಾಜೂ ಉಳಿದಿಲ್ಲ.

ನಮ್ಮ ಅಂಗಡಿ ಊಟಿ ರಸ್ತೆಯ ಮಗ್ಗುಲಲ್ಲಿತ್ತು. ಮುಂದೆ ಮಿಷಿನ್ನು, ಹಿಂದೆ ಮನೆ, ನಡುವೆ ಒಂದು ಪರದೆ. ಯುದ್ಧದ ಕಾಲದಲ್ಲಿ ಅಪ್ಪ ಬೆಂಗಳೂರಿಗೆ ಹೋಗಿ, ಹಿಮದ ಸೀಮೆಗೆ ಹೊರಟ ಸಿಪಾಯಿಗಳಿಗೆ ಕೋಟು ಹೊಲಿಯುವವರ ಕೈಕೆಳಗೆ ಮೂರು ವರ್ಷ ಇದ್ದು ಬಂದಿದ್ದ. ಬಟ್ಟೆ ಮತ್ತು ಮೈಶಾಖದ ವಿಷಯದಲ್ಲಿ ಅವನಷ್ಟು ತಿಳಿದವರು ಆ ಸೀಮೆಯಲ್ಲಿ ಇರಲಿಲ್ಲ. ನನಗೆ ಹೊಲಿಗೆ ಕಲಿಸುವಾಗ ಹೇಳುತ್ತಿದ್ದ:

"ಬಟ್ಟೇಲಿ ಬಿಸಿ ಇರಾಕಿಲ್ಲ ಕಣಮ್ಮಿ. ಬಿಸಿ ಮೈದು. ಮೈ ಒಲೆ ಇದ್ದಂಗೆ, ಉರೀತಾನೇ ಇರ್ತದೆ. ಬಟ್ಟೆ ಅದನ್ನ ಆಚೆ ಓಗ್ದಂಗೆ ತಡೀತದೆ, ಅಷ್ಟೇಯ. ಅದೂ ನೂಲಲ್ಲ ತಡಿಯೋದು, ನೂಲಿನ ಮದ್ಯ ಸಿಕ್ಕಾಕೊಂಡ ಗಾಳಿ. ಗಾಳಿ ನಿಂತ್ರೆ ಬೆಚ್ಚಗೆ, ಓಡಾಡುದ್ರೆ ತಂಪು."

ಹೊಲದಲ್ಲಿ ದುಡಿಯುವವರು ಅಂಗಿ ಹೊಲಿಸಲು ಬಂದರೆ ಅವರು ಕೇಳದಿದ್ದರೂ ಕತ್ತನ್ನು ಎರಡು ಬೆರಳು ಸಡಿಲ ಬಿಡುತ್ತಿದ್ದ. ಬಿಸಿಗಾಳಿ ಮೇಲೇರಿ ಕತ್ತಿನ ಹತ್ತಿರ ಆಚೆ ಹೋಗುತ್ತದೆ, ಅಲ್ಲಿ ದಾರಿ ಮುಚ್ಚಿದರೆ ಆಳು ಬೆಂದುಹೋಗುತ್ತಾನೆ ಎನ್ನುತ್ತಿದ್ದ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಅವನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ. ನಾನು ಮಾಡಿದ್ದೂ ಗೊತ್ತಿಲ್ಲದೆ ಅಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ಸಿಡುಬು ಬಂದು ಮುಖದ ತುಂಬ ಕಲೆ ಬಿಟ್ಟುಹೋಗಿತ್ತು. ಹದಿನೇಳು ತುಂಬಿದಾಗ ಈರುಳ್ಳಿ ಮಂಡಿಯ ಮಹದೇವಪ್ಪ ತನ್ನ ಮಗ ನೀಲಕಂಠಸ್ವಾಮಿಯನ್ನು ಕರೆದುಕೊಂಡು ನನ್ನನ್ನು ನೋಡಲು ಬಂದ. ಕಲೆಯ ವಿಷಯ ಅವರಿಗೆ ಮೊದಲೇ ತಿಳಿಸಿಯಾಗಿತ್ತು. ಹುಡುಗ ಉಪ್ಪಿಟ್ಟು ಎರಡು ಸಲ ಬಡಿಸಿಕೊಂಡು ತಿಂದ, ನನ್ನನ್ನು ಬೆಳಕಿಗೆ ಬಂದು ಕೂರಲು ಹೇಳಿದ, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದ. ಬೇಡ ಅನ್ನುವುದು ಅವನ ಹಕ್ಕು, ಅದಕ್ಕೆ ನನ್ನ ಸಿಟ್ಟಿಲ್ಲ. ಆದರೆ ನೆಟ್ಟಗೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ, ಕೂತಿದ್ದ ಗೆಳೆಯರಿಗೆಲ್ಲ ಕೇಳುವ ಹಾಗೆ ಅಂದನಂತೆ:

"ಅವ್ರಪ್ಪ ಮಗಳ ಮೊಕಾನೂ ಮಿಷಿನ್ಗೆ ಕೊಟ್ಬುಟ್ಟವ್ನೆ ಕಣ್ಲಾ. ದಾರ ಪೋಣ್ಸೋದು ಮರ್ತವ್ನೆ, ಬರೀ ತೂತು ಬಿದ್ದದೆ."

ಈ ಮಾತು ವಾರದೊಳಗೆ ಊರೆಲ್ಲ ಸುತ್ತಿತು. ನಾನು ನೀರಿಗೆ ಹೋದರೆ ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು. ಲಾರಿಯವರು ಅಂಗಡಿಯ ಮುಂದೆ ನಿಂತು ದಾರ ಇದೆಯಾ ಎಂದು ಕೇಳಿ ಹೋಗುತ್ತಿದ್ದರು. ಅಪ್ಪ ತಲೆ ಎತ್ತದೆ ಮಿಷಿನ್ ತುಳಿಯುತ್ತಿದ್ದ. ನನಗೆ ನೀಲಕಂಠಸ್ವಾಮಿ ಸಾಯಲಿ ಅನ್ನಿಸಿತ್ತು. ಅನ್ನಿಸಿದ್ದನ್ನು ಅನ್ನಿಸಲಿಲ್ಲ ಅಂತ ಯಾಕೆ ಹೇಳಲಿ.

ಮೂರು ತಿಂಗಳಿಗೆ ಅವನಿಗೆ ಹರದನಹಳ್ಳಿಯ ಮರಿಮಲ್ಲಪ್ಪನ ಮಗಳು ಶಾಂತಮಲ್ಲಮ್ಮನ ಜೊತೆ ಮದುವೆ ಗೊತ್ತಾಯಿತು. ಐವತ್ತನಾಲ್ಕನೇ ಇಸವಿ, ವೈಶಾಖದ ಲಗ್ನ. ಮದುವೆ ಕೋಟಿನ ಬಟ್ಟೆಯನ್ನು ಹೆಣ್ಣಿನ ಕಡೆಯವರು ಕೊಡಬೇಕು, ಹೊಲಿಸುವುದು ಗಂಡಿನ ಕಡೆಯವರು. ಮರಿಮಲ್ಲಪ್ಪ ಮೈಸೂರಿನಿಂದ ನೀಲಿ ಉಣ್ಣೆ ಬಟ್ಟೆ ತಂದುಕೊಟ್ಟಿದ್ದ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನೀಲಕಂಠಸ್ವಾಮಿ ನಮ್ಮ ಅಂಗಡಿಗೇ ಬಂದ. ಊರಲ್ಲಿ ಕೋಟು ಹೊಲಿಯಬಲ್ಲವನು ಅಪ್ಪನೊಬ್ಬನೇ. ಹೋಟೆಲಿನಲ್ಲಿ ಆಡಿದ ಮಾತು ಅವನಿಗೆ ನೆನಪೂ ಇದ್ದಂತೆ ಕಾಣಲಿಲ್ಲ. ನಾನು ಪರದೆಯ ಹಿಂದೆ ನಿಂತಿದ್ದೆ.

"ಊಟಿ ತೋಟದ ದೊರೆಗಳು ಆಕ್ಕಂಡಿರ್ತಾರಲ್ಲ, ಆ ತರ ಇರ್ಬೇಕು. ಕತ್ತಿನ್ಗಂಟ ಗುಂಡಿ. ದಪ್ಪಗಿರ್ಲಿ. ಇಳಿಬಿದ್ದಂಗೆ ಇರ್ಬಾರ್ದು," ಅಂದ.

ಅಪ್ಪ ಟೇಪು ಹಿಡಿದು ಎದೆಯ ಅಳತೆ ತೆಗೆಯುತ್ತ ಕೇಳಿದ: "ವೈಶಾಕದಲ್ಲಿ ಲಗ್ನ ಅಂತೀರಿ. ಸೆಕೆ ಆಗಾಕಿಲ್ವಾ ಸ್ವಾಮಿ?"

"ಆಕ್ಕಳೋನು ನಾನು. ನಿಮ್ಗ್ಯಾಕೆ ಸೆಕೆ?"

ಅವನು ಹೋದ ಮೇಲೆ ಅಪ್ಪ ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ ಅಂಗೈಯಲ್ಲಿ ಸವರಿ ನೋಡಿದ. ಆಮೇಲೆ, "ದಪ್ಪ ಕೇಳವ್ನೆ. ದಪ್ಪವೇ ಕೊಡನ," ಅಂದ. ಯಾವ ದಪ್ಪ ಎಂದು ನಾನು ಕೇಳಲಿಲ್ಲ. ಅಟ್ಟ ಹತ್ತಿ ತಾತನ ಹಳೆಯ ಕರಿ ಕಂಬಳಿಯನ್ನು ನಾನೇ ಇಳಿಸಿಕೊಂಡು ಬಂದೆ. ಹೊದ್ದು ಹೊದ್ದು ಮೆತ್ತಗಾಗಿತ್ತು, ಬಿಸಿ ಹಿಡಿಯುವ ಗುಣ ಮಾತ್ರ ಹಾಗೇ ಇತ್ತು. ಅಪ್ಪ ನನ್ನ ಮುಖ ನೋಡಿದ. ಬೇಡ ಅನ್ನಲಿಲ್ಲ.

ಕೋಟಿಗೆ ಹೊರಬಟ್ಟೆ, ಒಳಬಟ್ಟೆ, ನಡುವೆ ಎದೆ ನಿಲ್ಲಲು ಒಂದು ಕ್ಯಾನ್ವಾಸು ಇರುತ್ತದೆ. ನಾವು ಎದೆಗೂ ಬೆನ್ನಿಗೂ ಎರಡೆರಡು ಪದರ ಕಂಬಳಿ ಸೇರಿಸಿದೆವು. ಸರಿಯದ ಹಾಗೆ ಅದನ್ನು ಚಿಕ್ಕ ಚಿಕ್ಕ ಚೌಕವಾಗಿ ಕೈಯಲ್ಲಿ ಹೊಲಿದವಳು ನಾನು, ಒಂದೊಂದು ಚೌಕದಲ್ಲೂ ಗಾಳಿ ನಿಲ್ಲುವಂತೆ. ಅಪ್ಪ ಕಾಲರನ್ನು ಬಿಗಿ ಮಾಡಿದ, ತೋಳಿನ ತುದಿಯನ್ನೂ ಬಿಗಿ ಮಾಡಿದ. ನೀಲಕಂಠಸ್ವಾಮಿ ಮದುವೆ ಚಪ್ಪರದಲ್ಲಿ ಬೆವರಿ ತೊಪ್ಪೆಯಾಗಿ ನಾಲಗೆ ಚಾಚಬೇಕು, ನೆಂಟರು ನಗಬೇಕು, ನಮ್ಮ ಲೆಕ್ಕ ಅಷ್ಟೇ. ಕೋಟು ಹೊಲಿದ ಆ ಎಂಟು ದಿನ ನಮ್ಮ ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದೆವು. ಅಮ್ಮ ಒಂದು ದಿನ ಒಬ್ಬಟ್ಟು ಕೂಡ ಮಾಡಿದಳು.

ಕೋಟು ಹಾಕಿಕೊಂಡು ಕನ್ನಡಿ ನೋಡಿದ ನೀಲಕಂಠಸ್ವಾಮಿಗೆ ಬಲು ಮೆಚ್ಚಿಗೆಯಾಯಿತು. ಎದೆ ಉಬ್ಬಿಕೊಂಡು ನಿಂತಿತ್ತು. ಮದುವೆಗೆ ಮನೆಮಂದಿಯೆಲ್ಲ ಬರಬೇಕು ಎಂದು ತಾನೇ ಬಾಯಿಬಿಟ್ಟು ಕರೆದ. ನಾವು ಹೋಗದಿದ್ದರೆ ಹೊಟ್ಟೆಉರಿ ಅಂತಾರೆ ಎಂದು ಅಮ್ಮ ಅಪ್ಪನ ಜೊತೆ ನನ್ನನ್ನೂ ಹೊರಡಿಸಿದಳು. ನನಗೂ ನೋಡಬೇಕಿತ್ತು.

ಗಂಡಿಗೆ ಕೋಟು ತೊಡಿಸಿ, ಪೇಟ ಸುತ್ತಿ, ಬಾಸಿಂಗ ಕಟ್ಟಿ ಮನೆಯಿಂದ ಹೊರಡಿಸಿದ ಮೇಲೆ ಧಾರೆಯಾಗುವ ತನಕ ಮೈಮೇಲಿನ ಒಂದು ನೂಲನ್ನೂ ಕಳಚುವಂತಿಲ್ಲ. ಅವರ ಮನೆತನದಲ್ಲಿ ಆವರೆಗೆ ಒಂದು ಗುಟುಕು ನೀರೂ ಇಲ್ಲ. ಬೆಳಗ್ಗೆ ಎಂಟಕ್ಕೆ ಈರುಳ್ಳಿ ಲಾರಿಯಲ್ಲಿ ದಿಬ್ಬಣ ಹೊರಟಿತು. ನಾವೆಲ್ಲ ಹಿಂದೆ ಗಾಳಿಗೆ ನಿಂತಿದ್ದೆವು. ಮರ್ಯಾದೆಯ ಜಾಗ ಅಂತ ಮದುವೆ ಗಂಡನ್ನು ಮುಂದೆ ಡ್ರೈವರ್ ಪಕ್ಕ, ಇಂಜಿನ್ನಿನ ಮಗ್ಗುಲಲ್ಲೇ ಕೂರಿಸಿದ್ದರು. ತೆರಕಣಾಂಬಿ ದಾಟುವಾಗ ಒಂದು ಸಲ ಲಾರಿ ನಿಂತಿತು. ಅವನು ಇಳಿದು ಮರದ ನೆರಳಲ್ಲಿ ನಿಂತ. ಮುಖದಿಂದ ನೀರು ಸುರಿಯುತ್ತಿತ್ತು. ನಾನು ಅಪ್ಪನ ಕಡೆ ನೋಡಿ ನಕ್ಕೆ.

ಹರದನಹಳ್ಳಿ ಸೇರಿದಾಗ ಹನ್ನೊಂದಾಗಿತ್ತು. ಊರಾಚೆ ಬಯಲಿನಲ್ಲಿ ಎದುರುಗೊಳ್ಳುವ ಶಾಸ್ತ್ರ ಒಂದು ಗಂಟೆ ನಡೆಯಿತು. ವಾಲಗದವರು ನಿಂತು ನಿಂತು ಊದಿದರು. ಚಪ್ಪರದ ಹತ್ತಿರ ಬರುವಾಗ ಅವನ ಮುಖ ಕೆಂಪಗೆ ಊದಿತ್ತು, ಆದರೆ ಬೆವರು ನಿಂತುಹೋಗಿತ್ತು. ಹಣೆ ಒಣಗಿತ್ತು. ಅದನ್ನು ನೋಡಿದ ಕೂಡಲೇ ಅಪ್ಪನ ಮುಖ ಬದಲಾಯಿತು. ಬೆವರು ಬರುವ ತನಕ ಮೈ ತಂಪು ಹುಡುಕುತ್ತಿರುತ್ತದೆ, ನಿಂತರೆ ಕೈಬಿಟ್ಟಿತು ಅಂತ ಅರ್ಥ, ಇದನ್ನು ನನಗೆ ಹೇಳಿಕೊಟ್ಟವನೇ ಅಪ್ಪ.

ತಾಳಿ ಕಟ್ಟುವಾಗ ನೀಲಕಂಠಸ್ವಾಮಿಯ ಕೈ ಎರಡು ಸಲ ಜಾರಿತು. ಮೂರನೆಯ ಸಲ ಯಾರೋ ಹಿಡಿದು ಕಟ್ಟಿಸಿದರು. ಆರತಿಗೆ ಬಂದ ಹೆಂಗಸರನ್ನು ನೋಡಿ, "ಮೂಟೆ ಯಾಕೆ ಇಲ್ಲಿ ಇಳ್ಸಿದ್ರಿ? ಆಚೆ ಆಕಿ," ಅಂದ. ಎಲ್ಲರೂ ತಮಾಷೆ ಎಂದು ನಕ್ಕರು. ಆಮೇಲೆ ಅವನ ಕೈಕಾಲು ನಡುಗಲು ಶುರುವಾಯಿತು, ಹಸೆಯ ಮೇಲೇ ವಾಲಿಕೊಂಡ.

ಕಾಡಂಚಿನ ನಮ್ಮ ಸೀಮೆಯಲ್ಲಿ ಆಗ ಮನೆಮನೆಗೂ ಮಲೇರಿಯಾ. ನಡುಗಿದವನನ್ನು ಕಂಡರೆ ಬೇರೆ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. "ಚಳಿಜ್ವರ ಕಣ್ರಪ್ಪ, ಮೈ ಕೆಂಡ ಆಗದೆ, ಒದ್ಸಿ ಒದ್ಸಿ," ಅಂದ ಮಹದೇವಪ್ಪ. ಮರಿಮಲ್ಲಪ್ಪ ಒಳಗೋಡಿ ಎರಡು ಕಂಬಳಿ ತಂದು ಕೋಟಿನ ಮೇಲೇ ಹೊದಿಸಿದ. ಯಾರೋ ಮೆಣಸಿನ ಕಷಾಯ ಬಿಸಿಬಿಸಿ ಕಾಯಿಸಿ ತಂದು ಬಾಯಿಗೆ ಹಿಡಿದರು. ಗಾಳಿ ತಾಗಬಾರದು ಅಂತ ಹತ್ತು ಜನ ಸುತ್ತ ನಿಂತರು. ಮಗನನ್ನು ಉಳಿಸಿಕೊಳ್ಳಬೇಕೆಂಬ ಪ್ರೀತಿಯಿಂದಲೇ ಇಷ್ಟೂ ಮಾಡಿದರು.

ಅಪ್ಪನ ಜೇಬಿನಲ್ಲಿ ಕತ್ತರಿ ಇತ್ತು. ಗುಂಡಿ ಸಡಿಲವಾದರೆ ಬೇಕಾಗುತ್ತದೆ ಅಂತ ತಂದಿದ್ದ. ನಾನು ಅವನ ತೋಳು ಹಿಡಿದು, "ಅಪ್ಪ, ಕೋಟು ಬಿಚ್ಚಿ ನೀರು ಉಯ್ರಿ ಅಂತ ಅವ್ರಿಗೆ ಏಳು," ಅಂದೆ.

"ಸುಮ್ನಿರು. ನಿಂಗೆಂಗೆ ಗೊತ್ತು ಅಂತಾರೆ. ಬಿಚ್ಚುದ್ರೆ ಒಳಗಿರೋದು ಕಾಣ್ತದೆ."

ನನಗೆ ಬಾಯಿರಲಿಲ್ಲವೇ? ನಾನೇ ಕೂಗಬಹುದಿತ್ತು. ಹೆದರಿಕೆಯಾಯಿತು, ಕೂಗಲಿಲ್ಲ. ಹೆದರಿಕೆಯ ಕೆಳಗೆ ಇನ್ನೊಂದೂ ಇತ್ತು. ಹೋಟೆಲಿನಲ್ಲಿ ಅವನು ಅಂದ ಮಾತು ಆ ಗಳಿಗೆಯಲ್ಲೂ ನನಗೆ ಕೇಳಿಸುತ್ತಿತ್ತು. ಕೊನೆಗೆ ಅವನನ್ನು ಕಂಬಳಿಯ ಸಮೇತ ಲಾರಿಗೆ ಹಾಕಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಪ್ರಾಣ ಹೋಯಿತು. ಅವನಿಗೆ ಇಪ್ಪತ್ತನಾಲ್ಕು ವರ್ಷ.

ಹೆಣ ಮನೆ ಸೇರುವ ಮೊದಲೇ ಕಾರಣ ಗೊತ್ತಾಗಿತ್ತು: ಹೆಣ್ಣಿನ ಕಾಲ್ಗುಣ. ತಾಳಿ ಕಟ್ಟಿ ಅರ್ಧ ಗಂಟೆಗೆ ಗಂಡನನ್ನು ತಿಂದವಳು. ಶಾಂತಮಲ್ಲಮ್ಮನಿಗೆ ಹದಿನಾರು. ಮರಿಮಲ್ಲಪ್ಪನಿಗೆ ಇನ್ನೂ ಮೂರು ಹೆಣ್ಣುಮಕ್ಕಳಿದ್ದರು, ಇವಳು ಮನೆಯಲ್ಲಿದ್ದರೆ ಅವರಿಗೆ ಗಂಡು ಸಿಗುವುದಿಲ್ಲವೆಂದು ತಿಂಗಳು ಕಳೆಯುವಷ್ಟರಲ್ಲಿ ಗುಂಡ್ಲುಪೇಟೆಗೆ ತಂದು ಬಿಟ್ಟುಹೋದ. ಮಹದೇವಪ್ಪನ ಮನೆಯವರು ಅವಳನ್ನು ಒಳಗೆ ಮಲಗಿಸಿಕೊಳ್ಳಲಿಲ್ಲ. ಈರುಳ್ಳಿ ಮಂಡಿಯಲ್ಲಿ ಜಾಗ ಕೊಟ್ಟರು. ಈರುಳ್ಳಿ ಕೊಳೆಯಬಾರದು ಅಂತ ಅಲ್ಲಿ ಗೋಡೆಯ ಬದಲು ಬಿದಿರಿನ ತಡಿಕೆ, ಹಗಲೂ ಇರುಳೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಾಳಿ ಹಾಯುತ್ತಿರಬೇಕು. ದಿನಾ ಕೂತು ಕೊಳೆತದ್ದನ್ನು ಆರಿಸುವ ಕೆಲಸ. ನಾನು ಆ ರಸ್ತೆಯಲ್ಲಿ ಓಡಾಡುವುದನ್ನು ಬಿಟ್ಟೆ.

ಪುಷ್ಯ ಮಾಸದಲ್ಲಿ ಒಂದು ಬೆಳಗ್ಗೆ, ಗೋಪಾಲಸ್ವಾಮಿ ಬೆಟ್ಟದ ಮಂಜು ರಸ್ತೆಯವರೆಗೂ ಇಳಿದಿತ್ತು, ಅವಳು ನಮ್ಮ ಅಂಗಡಿಗೆ ಬಂದಳು. ಮೈಮೇಲೆ ಆ ಕೋಟು ಇತ್ತು, ಮೊಣಕಾಲಿನವರೆಗೂ ಇಳಿದಿತ್ತು. ಗಂಡನನ್ನು ತಿಂದವಳು ಅವನ ಕೋಟನ್ನೇ ಹೊದ್ದುಕೊ ಎಂದು ಅತ್ತೆ ಎಸೆದಿದ್ದಳಂತೆ. ಆ ಮಂಡಿಯಲ್ಲಿ ಅವಳು ಅಲ್ಲಿಯವರೆಗೆ ಬದುಕಿದ್ದರೆ ಅದು ಆ ಕೋಟಿನಿಂದ. ಅವಳು ಗದ್ದಲ ಮಾಡಲಿಲ್ಲ. ಕಂಕುಳ ಹತ್ತಿರ ಬಿಚ್ಚಿದ ಹೊಲಿಗೆ ತೋರಿಸಿ, ಮುಷ್ಟಿ ತೆರೆದು ಒಂದು ಚಿಟಿಕೆ ಕರಿ ಉಣ್ಣೆ ಹಲಗೆಯ ಮೇಲೆ ಇಟ್ಟಳು.

"ನಮ್ಮಪ್ಪ ತಂದಿದ್ದು ನೀಲಿ ಬಟ್ಟೆ. ಇದು ಕರಿ ಕಂಬ್ಳಿ. ನಾನು ಇದ ಒದ್ಕಂಡು ಮಲಗ್ತೀನಿ, ನಂಗೊತ್ತು ಇದು ಎಷ್ಟು ಬಿಸಿ ಅಂತ. ವೈಶಾಕದಲ್ಲಿ ಇದ ಆಕ್ಕಂಡ್ರೆ ಏನಾಯ್ತದೆ ಅಂತಾನೂ ಗೊತ್ತಾಯ್ತು."

ಅಪ್ಪ ಆ ಉಣ್ಣೆಯನ್ನು ಬೆರಳಲ್ಲಿ ಹೊಸೆದ. ಅವಳೇ ಮುಂದುವರಿಸಿದಳು.

"ನೀವು ತಪ್ಪು ಮಾಡುದ್ರಿ ಅಂತ ನಾನು ಅನ್ನಾಕಿಲ್ಲ ಅಯ್ನೋರೆ. ಅವ್ರೇ ದಪ್ಪ ಕೇಳಿದ್ರು ಅನ್ನಿ. ನಮ್ ಮಾವನ ಮುಂದೆ ಬಂದು ಒಂದೇ ಮಾತು ಏಳಿ, ಕೋಟಿನ್ ಸೆಕೆಗೆ ಅಂಗಾಯ್ತು ಅಂತ. ನನ್ ಕಾಲ್ಗುಣ ಅಲ್ಲ ಅಂತ ಆದ್ರೆ ಸಾಕು. ಒಳಗೆ ಮಲಗಾಕೆ ಬುಡ್ತಾರೆ."

ಅವಳು ಕೇಳಿದ್ದು ಇಷ್ಟೇ. ಮಾತಾಡುವಾಗ ಪರದೆಯ ಹತ್ತಿರ ನಿಂತಿದ್ದ ನನ್ನನ್ನೂ ಒಮ್ಮೆ ನೋಡಿದಳು. ನನ್ನ ಮುಖದ ಕಲೆಗೆ ಅವಳ ಕಣ್ಣು ನಿಲ್ಲಲಿಲ್ಲ, ಮನುಷ್ಯರನ್ನು ನೋಡುವ ಹಾಗೆ ನೋಡಿದಳು.

"ಕೋಟು ಬುಟ್ಟೋಗವ್ವ. ಒಲಿಗೆ ಸರಿ ಮಾಡ್ತೀನಿ. ನಾಳಿಕ್ಕೆ ನಾನೇ ತಕ್ಕ ಬತ್ತೀನಿ, ನಿಮ್ ಮಾವನ ಮುಂದೆ ಮಾತಾಡ್ತೀನಿ," ಅಂದ ಅಪ್ಪ. ಅವಳು ಆ ಚಳಿಯಲ್ಲಿ ಕೋಟು ಬಿಚ್ಚಿ ಮಡಿಸಿ ಕೊಟ್ಟು, ಕೈಮುಗಿದು, ಸೆರಗು ಸುತ್ತಿಕೊಂಡು ಮಂಜಿನಲ್ಲಿ ಹೋದಳು.

ಅವಳು ಮರೆಯಾದ ಕೂಡಲೇ ಅಪ್ಪ ಅಂಗಡಿಯ ಬಾಗಿಲು ಹಾಕಿದ. ಒಳಬಟ್ಟೆ ಬಿಚ್ಚು ಅಂದ. ನನಗೆ ಅರ್ಥವಾಯಿತು. ಆದರೂ, "ಪಾಪ ಕಣಪ್ಪ, ನಿಜ ಏಳ್ಬುಡನ," ಅಂದೆ.

"ಏಳುದ್ರೆ ಅವಳು ಒಳಗೆ ಮಲಗ್ತಾಳೆ, ನಾನು ಜೈಲಲ್ಲಿ ಮಲಗ್ತೀನಿ. ನಿನ್ನ ಯಾರು ಕಟ್ಕತಾರೆ? ಅವಳಿಗೆ ಆಗೋದು ಆಗೋಗದೆ ಕಣಮ್ಮಿ. ನಮ್ಗೆ ಇನ್ನೂ ಆಗ್ಬೇಕು."

ನಾನು ಹೊಲಿದಿದ್ದ ಚೌಕಗಳನ್ನು ನಾನೇ ಒಂದೊಂದಾಗಿ ಬಿಚ್ಚಿದೆ. ನಾಲ್ಕು ಪದರ ಕಂಬಳಿಯೂ ಹೊರಗೆ ಬಂತು. ಕ್ಯಾನ್ವಾಸು ಉಳಿಸಿ, ಒಳಬಟ್ಟೆಯನ್ನು ಉಗುರುಬೆಚ್ಚಗಿನ ಇಸ್ತ್ರಿಯಲ್ಲಿ ಉಜ್ಜಿ, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಮತ್ತೆ ಹೊಲಿದೆ. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮುಂಚೆ ಹೊಲಿದಿರಲಿಲ್ಲ. ಅಪ್ಪ ಕೂಡ ಹಾಗೆ ಅಂದ.

ಮಾರನೆಯ ದಿನ ಅಪ್ಪ ಕೊಟ್ಟ ಮಾತಿನಂತೆ ಹೋದ. ನನ್ನನ್ನೂ ಕರೆದುಕೊಂಡು ಹೋದ. ಮಹದೇವಪ್ಪನ ಜಗಲಿಯ ಮೇಲೆ ಬೀದಿಯ ಹಿರಿಯರು ಮೂವರು ಕೂತಿದ್ದರು. ಶಾಂತಮಲ್ಲಮ್ಮ ಆಗಲೇ ಮಾವನಿಗೆ ವಿಷಯ ತಿಳಿಸಿದ್ದಳು. ಅವಳು ಕಂಬದ ಪಕ್ಕ ನಿಂತಿದ್ದಳು. ಅವತ್ತು ತಲೆ ಬಾಚಿಕೊಂಡಿದ್ದಳು, ಮುಖ ತೊಳೆದಿದ್ದಳು. ಒಳ್ಳೆಯದಾಗುತ್ತದೆ ಅಂತ ಕಾದವರ ಮುಖ ಹಾಗಿರುತ್ತದೆ, ನನಗೆ ನೋಡಲಾಗಲಿಲ್ಲ.

"ಈ ತಾಯಿ ಕೋಟಿನೊಳಗೆ ಏನೋ ಅದೆ ಅಂತಾಳೆ," ಅಂದ ಅಪ್ಪ. "ಅನ್ಮಾನ ಯಾಕೆ? ಎಲ್ರ ಮುಂದೆ ಬಿಚ್ಚುಬುಡನ." ಜೇಬಿನಿಂದ ಕತ್ತರಿ ತೆಗೆದು ಅವಳ ಕೈಗೇ ಕೊಟ್ಟ. "ನೀನೇ ಬಿಚ್ಚವ್ವ."

ಕೋಟನ್ನು ಕೈಗೆ ತೆಗೆದುಕೊಂಡ ಕೂಡಲೇ ತೂಕದಲ್ಲೇ ಅವಳಿಗೆ ಗೊತ್ತಾಯಿತು. ಆದರೂ ಬಿಚ್ಚಿದಳು. ಎದೆಯಲ್ಲಿ ಕ್ಯಾನ್ವಾಸು. ಬೆನ್ನಿನಲ್ಲಿ ಏನೂ ಇಲ್ಲ. ತೋಳಿನೊಳಗೆ ಕೈ ಹಾಕಿ ಹುಡುಕಿದಳು, ಕಾಲರ್ ತಡವಿದಳು, ಮತ್ತೆ ಬೆನ್ನಿಗೆ ಬಂದಳು. ಮಹದೇವಪ್ಪ ಸಾಕು ಎನ್ನುವ ತನಕ ಹುಡುಕಿದಳು.

"ದಾರ ಒಸದು ಮಾವ," ಅಂದಳು. "ನೆನ್ನೆ ಒಲ್ದಿರೋದು. ನನ್ ಕೈಲಿ ಕರಿ ಉಣ್ಣೆ ಇತ್ತು."

"ಕಂಬ್ಳಿ ಉಣ್ಣೆ ಯಾರ ಮನೇಲಿಲ್ಲ?" ಅಂದ ಮಹದೇವಪ್ಪ. "ಮಗನ್ನ ತಿಂದೆ. ಈಗ ಬಡವರ ಮೇಲೆ ಆಕಕ್ಕೆ ನೋಡ್ತಿದೀಯ." ಹಿರಿಯರಲ್ಲಿ ಒಬ್ಬ ಅಪ್ಪನಿಗೆ, ಹೆಣ್ಣುಮಗಳ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ಅತ್ತೆ ನಮಗೆ ಹಾಲು ಕಳಿಸಿದಳು. ನಾನು ಆ ಜಗಲಿಯ ಮೇಲೇ ಕೂತು ಒಳಬಟ್ಟೆಯನ್ನು ಮತ್ತೆ ಹೊಲಿದೆ. ಹೊಲಿದು ಮುಗಿಯುವ ತನಕ ಶಾಂತಮಲ್ಲಮ್ಮ ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು. ಯಾರ ಹೊಲಿಗೆ ಎಂದು ಅವಳಿಗೆ ಗೊತ್ತಾಗಿತ್ತು. ಕೋಟು ತೆಗೆದುಕೊಂಡು ಮಂಡಿಗೆ ಹೋದಳು.

ಆ ಚಳಿಗೆ ಅವಳಿಗೆ ಕೆಮ್ಮು ಹಿಡಿಯಿತು. ಯುಗಾದಿಯನ್ನು ಅವಳು ಕಾಣಲಿಲ್ಲ.

ಬಿಚ್ಚಿ ತೆಗೆದ ಕಂಬಳಿಯನ್ನು ಒಲೆಗೆ ಹಾಕು ಅಂತ ಅಪ್ಪ ಹೇಳಿದ್ದ. ಒಳ್ಳೆಯ ಉಣ್ಣೆ ಸುಡಲು ಅಮ್ಮನಿಗೆ ಮನಸ್ಸಾಗಲಿಲ್ಲ. ತುಂಡುಗಳನ್ನೆಲ್ಲ ಜೋಡಿಸಿ ನನಗೊಂದು ಹೊದಿಕೆ ಮಾಡಿಕೊಟ್ಟಳು. ಆ ವರ್ಷದ ಚಳಿಗಾಲ ಮುಗಿಯುವ ತನಕ ನಾನು ಅದನ್ನೇ ಹೊದ್ದು ಮಲಗಿದೆ. ನಿದ್ದೆ ಬರಲಿಲ್ಲ ಅಂತ ಹೇಳಿದರೆ ನೀವು ನಂಬುತ್ತೀರಿ. ಬರುತ್ತಿತ್ತು. ಬೆಚ್ಚಗಿತ್ತು.